ನಾಲೆ ತಂದ ಬೆಳೆ, ನಾಲೆ ತಂದ ಜ್ವರ: ಮಂಡ್ಯ ಸೀಮೆಯ ಆರೋಗ್ಯ ಜಾಗೃತಿಯ ಚರಿತ್ರೆಯಿಂದ ಕೆಲವು ಪಾಠಗಳು

ಜುಮಾ ನಮಾಝಿನ ನಂತರ ಲಸಿಕೆ ಶಿಬಿರದ ದಿನಾಂಕ ತಿಳಿಸಿದಾಗ, ಡೆಂಗಿ ಜ್ವರದ ಬಗ್ಗೆ ಎರಡು ಮಾತು ಆಡಿದಾಗ, ನಮ್ಮ ಜಮಾಅತಿನಲ್ಲಿ ಕೆಲವರು ಕೇಳುವುದುಂಟು: ಮಿಂಬರಿಗೂ ಸೊಳ್ಳೆಗೂ ಏನು ಸಂಬಂಧ? ದೀನಿನ ಮಾತನ್ನು ಇಮಾಮರು ಹೇಳಲಿ, ಔಷಧಿಯ ಮಾತನ್ನು ಡಾಕ್ಟರು ಹೇಳಲಿ. ಹೀಗೆ ಕೇಳುವವರು ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ. ಮಸೀದಿಯ ಗೌರವ ಉಳಿಯಲಿ, ಅದು ಯಾವುದೋ ಇಲಾಖೆಯ ಪ್ರಚಾರ ಕೇಂದ್ರ ಆಗದಿರಲಿ ಎಂಬ ಕಾಳಜಿಯೂ ಅದರಲ್ಲಿದೆ. ಆದರೆ ಖುತ್ಬಾದ ಹತ್ತು ನಿಮಿಷದಲ್ಲಿ ಇದಕ್ಕೆ ಪೂರ್ತಿ ಉತ್ತರ ಕೊಡಲು ಆಗುವುದಿಲ್ಲ. ಆದ್ದರಿಂದ ಈ ತಿಂಗಳು ಚರಿತ್ರೆಯ ಕೆಲವು ಪುಟಗಳನ್ನು ತಿರುವಿ ನೋಡೋಣ. ಇವು ದೂರದ ದೇಶದ ಕಥೆಗಳಷ್ಟೇ ಅಲ್ಲ. ಇದರಲ್ಲಿ ಶ್ರೀರಂಗಪಟ್ಟಣವಿದೆ, ಮಂಡ್ಯವಿದೆ, ಮದ್ದೂರು ಮಳವಳ್ಳಿಗಳಿಗೆ ನೀರುಣಿಸುವ ನಮ್ಮ ನಾಲೆಯೂ ಇದೆ.

ಸರ್ಗ್‌ನಿಂದ ಹಿಂತಿರುಗಿದ ಖಲೀಫರು

ಹಿಜರಿ 18, ಅಂದರೆ ಕ್ರಿ.ಶ. 639ರ ಸುಮಾರು. ಶಾಮ್ ಪ್ರದೇಶದ ಅಮ್ವಾಸ್ ಎಂಬಲ್ಲಿ ಪ್ಲೇಗ್ ಹಬ್ಬಿತ್ತು. ಖಲೀಫ ಹಝ್ರತ್ ಉಮರ್ (ರ) ಮದೀನಾದಿಂದ ಹೊರಟು ಸರ್ಗ್ ಎಂಬ ಸ್ಥಳಕ್ಕೆ ತಲುಪಿದಾಗ ಸೇನಾನಾಯಕರು ಎದುರಾಗಿ ರೋಗದ ಸುದ್ದಿ ಹೇಳಿದರು. ಉಮರ್ (ರ) ತಾವೊಬ್ಬರೇ ತೀರ್ಮಾನಿಸಲಿಲ್ಲ. ಮೊದಲು ಮುಹಾಜಿರರನ್ನು ಕರೆದು ಕೇಳಿದರು, ನಂತರ ಅನ್ಸಾರರನ್ನು ಕೇಳಿದರು, ಆಮೇಲೆ ಕುರೈಶರ ಹಿರಿಯರನ್ನು ಕೇಳಿದರು. ಮೊದಲ ಎರಡು ಗುಂಪಿನಲ್ಲೂ ಭಿನ್ನಾಭಿಪ್ರಾಯ ಬಂತು. ಹಿರಿಯರೆಲ್ಲ ಹಿಂತಿರುಗುವುದೇ ಸರಿ ಎಂದರು. ಖಲೀಫರು ಹಿಂತಿರುಗಲು ನಿರ್ಧರಿಸಿದರು.

ಹಝ್ರತ್ ಅಬೂ ಉಬೈದಾ (ರ) ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಅವರು ಕೇಳಿದರು. ಅದಕ್ಕೆ ಉಮರ್ (ರ) ಕೊಟ್ಟ ಉತ್ತರದ ಸಾರ ಇಷ್ಟು: ಒಂದು ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು. ಒಂಟೆಯನ್ನು ಹಸಿರಿನಲ್ಲಿ ಮೇಯಿಸಿದರೂ ಅದು ವಿಧಿಯೇ, ಬರಡಿನಲ್ಲಿ ಮೇಯಿಸಿದರೂ ವಿಧಿಯೇ. ಹಾಗಿರುವಾಗ ಹಸಿರನ್ನು ಆರಿಸಿಕೊಳ್ಳುವುದು ವಿಧಿಯ ವಿರುದ್ಧ ಹೋದಂತಲ್ಲ. ಅಷ್ಟರಲ್ಲಿ ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್ (ರ) ಬಂದು, ರೋಗ ಹಬ್ಬಿದ ನಾಡಿಗೆ ಹೋಗಬಾರದು, ನೀವಿರುವ ನಾಡಿನಲ್ಲಿ ಹಬ್ಬಿದರೆ ಅಲ್ಲಿಂದ ಓಡಬಾರದು ಎಂಬ ಪ್ರವಾದಿ (ಸ) ಅವರ ಮಾರ್ಗದರ್ಶನವನ್ನು ತಿಳಿಸಿದರು.

ಆ ರೋಗದಲ್ಲಿ ಅಬೂ ಉಬೈದಾ (ರ) ತೀರಿಕೊಂಡರು. ನಂತರ ಹೊಣೆ ಹೊತ್ತ ಹಝ್ರತ್ ಮುಆಝ್ ಬಿನ್ ಜಬಲ್ (ರ) ಅವರೂ ತೀರಿಕೊಂಡರು. ಅವರ ನಂತರ ಹೊಣೆ ಹೊತ್ತ ಹಝ್ರತ್ ಅಮ್ರ್ ಬಿನ್ ಆಸ್ (ರ) ಜನರನ್ನು ಒಂದೇ ಕಡೆ ಇರಗೊಡದೆ ಬೆಟ್ಟಗುಡ್ಡಗಳಲ್ಲಿ ಚದುರಿಸಿದರು, ರೋಗ ಇಳಿಯಿತು ಎಂದು ಚರಿತ್ರೆ ಹೇಳುತ್ತದೆ. ನಮ್ಮ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ. ಸಮಾಲೋಚನೆ, ನಂಬಿಕೆ ಮತ್ತು ಎಚ್ಚರ ಮೂರೂ ಅಂದು ಒಂದೇ ಡೇರೆಯಲ್ಲಿ ಕೂತಿದ್ದವು.

ಸಿಡುಬಿನ ಲಸಿಕೆ ಬಂದ ದಾರಿ

ಲಸಿಕೆ ಎಂದರೆ ಹೊರಗಿನಿಂದ ಬಂದದ್ದು, ನಮ್ಮದಲ್ಲದ್ದು ಎಂಬ ಅನುಮಾನ ಕೆಲವು ಮನೆಗಳಲ್ಲಿ ಇನ್ನೂ ಇದೆ. ಇತಿಹಾಸ ಬೇರೆಯೇ ಹೇಳುತ್ತದೆ. ಸಿಡುಬು ಮತ್ತು ದಡಾರ ಬೇರೆ ಬೇರೆ ರೋಗಗಳು ಎಂದು ಲಕ್ಷಣಗಳ ಸಮೇತ ವಿವರಿಸಿ ಪುಸ್ತಕ ಬರೆದವರು ಅಬೂಬಕರ್ ಅರ್ರಾಝಿ. ಅವರು ಬಗ್ದಾದ್ ಮತ್ತು ರಯ್ ನಗರಗಳ ಆಸ್ಪತ್ರೆಗಳ ಮುಖ್ಯಸ್ಥರಾಗಿದ್ದವರು, ಹತ್ತನೇ ಶತಮಾನದ ಆರಂಭದವರೆಗೆ ಬದುಕಿದ್ದವರು. ಸಿಡುಬಿನ ಕೀವನ್ನು ಸ್ವಲ್ಪವೇ ಚುಚ್ಚಿ ದೊಡ್ಡ ರೋಗ ತಡೆಯುವ ಪದ್ಧತಿ ಉಸ್ಮಾನಿಯಾ ನಾಡಿನಲ್ಲಿ ಮೊದಲೇ ಇತ್ತು. 1717ರಲ್ಲಿ ಇಸ್ತಾಂಬುಲ್‌ನಲ್ಲಿದ್ದ ಇಂಗ್ಲಿಷ್ ರಾಯಭಾರಿಯ ಹೆಂಡತಿ ಲೇಡಿ ಮೇರಿ ಮಾಂಟೆಗ್ಯು ಅದನ್ನು ಕಣ್ಣಾರೆ ನೋಡಿ ತಮ್ಮ ದೇಶಕ್ಕೆ ಬರೆದರು, ತಮ್ಮ ಮಗನಿಗೂ ಮಾಡಿಸಿದರು. 1796ರಲ್ಲಿ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ಹೆಚ್ಚು ಸುರಕ್ಷಿತವಾದ ಲಸಿಕೆ ಕಂಡುಹಿಡಿದರು.

ಆ ಲಸಿಕೆ ಹಿಂದೂಸ್ತಾನಕ್ಕೆ ಹೇಗೆ ಬಂತು? ಹಡಗಿನ ದೀರ್ಘ ಪ್ರಯಾಣದಲ್ಲಿ ಅದು ಕೆಟ್ಟುಹೋಗುತ್ತಿತ್ತು. ಕೊನೆಗೆ ಅದು ವಿಯೆನ್ನಾದಿಂದ ಇಸ್ತಾಂಬುಲ್, ಅಲ್ಲಿಂದ ಬಗ್ದಾದ್, ಬಸ್ರಾ ದಾಟಿ ಬೊಂಬಾಯಿಗೆ ಬಂತು. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಮೂರು ವರ್ಷದ ಹೆಣ್ಣುಮಗುವಿಗೆ ಅದು ಹಿಡಿಯಿತು. ಆ ಕಾಲದಲ್ಲಿ ಒಬ್ಬರ ತೋಳಿನ ಬೊಕ್ಕೆಯಿಂದ ಇನ್ನೊಬ್ಬರ ತೋಳಿಗೆ ದಾಟಿಸುತ್ತಾ ಲಸಿಕೆಯನ್ನು ಜೀವಂತವಾಗಿ ಇಡುತ್ತಿದ್ದರು. ಬಗ್ದಾದ್, ಬಸ್ರಾಗಳನ್ನು ದಾಟಿ ಬಂದದ್ದನ್ನು ನಮಗೆ ಪರಕೀಯ ಎಂದು ಹೇಗೆ ಹೇಳುವುದು?

ಮೂರು ವರ್ಷದೊಳಗೆ ಅದು ಮೈಸೂರಿನ ಅರಮನೆಗೆ ತಲುಪಿತ್ತು. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರ ಬರೆದ. ಅದರಲ್ಲಿ ಒಬ್ಬ ರಾಣಿ ಸೀರೆಯ ಸೆರಗು ಸರಿಸಿ ತೋಳಿನ ಮೇಲೆ ಬೆರಳಿಟ್ಟಿದ್ದಾರೆ. ಲಸಿಕೆ ಹಾಕಿಸಿಕೊಂಡ ಜಾಗವನ್ನು ತೋರಿಸುವುದಕ್ಕೇ ಆ ಚಿತ್ರ ಬರೆಸಿದ್ದು ಎಂದು ಇತಿಹಾಸಕಾರರು ಅಭಿಪ್ರಾಯಪಟ್ಟಿದ್ದಾರೆ. ಅಂದರೆ ನಮ್ಮ ಮೈಸೂರು ಸೀಮೆಯಲ್ಲಿ ಆರೋಗ್ಯ ಜಾಗೃತಿಯ ಅಭಿಯಾನಕ್ಕೆ 200 ವರ್ಷಕ್ಕೂ ಹೆಚ್ಚಿನ ವಯಸ್ಸು. ಆಗಲೂ ಜನ ಆಜ್ಞೆಯನ್ನು ನಂಬಲಿಲ್ಲ. ತಮಗೆ ಗೌರವವಿದ್ದವರು ಮೊದಲು ಮಾಡಿ ತೋರಿಸಿದ್ದನ್ನು ನಂಬಿದರು.

ಆ ಸಿಡುಬು ಇಂದು ಇಲ್ಲ. ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಭೂಮಿಯಿಂದಲೇ ಸಿಡುಬು ಹೋಯಿತೆಂದು ಘೋಷಿಸಿತು. ನಮ್ಮ ಮನೆಗಳ ಅಜ್ಜಿಯರ ತೋಳಿನಲ್ಲಿ ಇನ್ನೂ ಉಳಿದಿರುವ ಆ ದುಂಡನೆಯ ಕಲೆಯನ್ನು ಮಕ್ಕಳಿಗೆ ತೋರಿಸಿ, ಇದು ಏನೆಂದು ಹೇಳಿ.

ಪ್ಲೇಗ್: ಬಲವಂತ ಸೋತ ಕಥೆ

ಎರಡನೇ ಪುಟ ಕಹಿಯಾದದ್ದು. 1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. ಬ್ರಿಟಿಷ್ ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗ ಕಾಯ್ದೆ ತಂದು ಅಧಿಕಾರಿಗಳಿಗೆ ಎಲ್ಲೆ ಇಲ್ಲದ ಅಧಿಕಾರ ಕೊಟ್ಟಿತು. ಮನೆಗಳಿಗೆ ನುಗ್ಗಿ ಹುಡುಕುವುದು, ರೋಗಿಯನ್ನು ಎಳೆದೊಯ್ಯುವುದು, ಸಾಮಾನು ಸುಡುವುದು, ಪರದೆಯೊಳಗಿನ ಹೆಣ್ಣುಮಕ್ಕಳನ್ನು ಗಂಡಸರು ಪರೀಕ್ಷೆ ಮಾಡುವುದು ಇವೆಲ್ಲ ನಡೆದವು. 1898ರ ಮಾರ್ಚ್‌ನಲ್ಲಿ ಬೊಂಬಾಯಿಯಲ್ಲಿ ಜುಲಾಹಾ ನೇಕಾರರ ಕೇರಿಯಿಂದ ಕಾಯಿಲೆಯ ಹುಡುಗಿಯೊಬ್ಬಳನ್ನು ಕೊಂಡೊಯ್ಯಲು ಹೋದಾಗ ಗಲಭೆಯೇ ಎದ್ದಿತು. ಅದೇ ವರ್ಷ ಆಗಸ್ಟ್‌ನಲ್ಲಿ ರೋಗ ಬೆಂಗಳೂರಿಗೆ ಬಂತು, ಅಲ್ಲಿಂದ ಮೈಸೂರಿನ ಕಡೆಗೆ ಹಬ್ಬಿತು. 1898ರಲ್ಲೇ ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಜನ ತಿರುಗಿಬಿದ್ದರು.

ಆ ಜನರನ್ನು ಇಂದು ಮೂಢರು ಎಂದು ಬೈಯುವುದು ಸುಲಭ. ಅವರ ಭಯಕ್ಕೆ ಕಾರಣವಿತ್ತು. ಕರೆದೊಯ್ದವರು ಮರಳಿ ಬರುತ್ತಿರಲಿಲ್ಲ. ಮಯ್ಯತ್ತಿನ ಗುಸ್ಲ್, ಕಫನ್ ಸರಿಯಾಗಿ ಆಗುತ್ತದೋ ಇಲ್ಲವೋ ಎಂಬ ಆತಂಕ ಬೇರೆ. ಮಾನ ಹೋಗುವ ಹೆದರಿಕೆ ಪ್ರಾಣ ಹೋಗುವ ಹೆದರಿಕೆಗಿಂತ ದೊಡ್ಡದಾಯಿತು. ಆದರೆ ಅದರ ಫಲ ಏನು? ಮನೆಯವರು ರೋಗಿಯನ್ನು ಬಚ್ಚಿಟ್ಟರು, ಸಾವನ್ನು ಮುಚ್ಚಿಟ್ಟರು, ರೋಗ ಕದ್ದು ಊರಿಂದ ಊರಿಗೆ ನಡೆಯಿತು. ಇಲಿಯಿಂದ, ಇಲಿಯ ಮೈಮೇಲಿನ ಚಿಗಟದಿಂದ ಬರುವ ರೋಗ ಇದು ಎಂಬ ತಿಳಿವಳಿಕೆ ಮನೆಮನೆಗೆ ತಲುಪುವುದಕ್ಕೆ ಇನ್ನೂ ವರ್ಷಗಳು ಹಿಡಿದವು. ಕೊನೆಗೆ ನಮ್ಮ ಹಳ್ಳಿಗಳನ್ನು ಉಳಿಸಿದ್ದು ಪೊಲೀಸರಲ್ಲ. ಇಲಿ ಬಿದ್ದೊಡನೆ ಊರು ಬಿಟ್ಟು ಹೊಲದ ಗುಡಿಸಲಿಗೆ ಹೋಗಬೇಕೆಂದು ಜನರೇ ಕಲಿತುಕೊಂಡ ಪಾಠ. ಅಮ್ರ್ ಬಿನ್ ಆಸ್ (ರ) ಅವರು ಬೆಟ್ಟದಲ್ಲಿ ಮಾಡಿದ್ದನ್ನೇ ನಮ್ಮ ಹಿರಿಯರು ರಾಗಿ ಹೊಲದಲ್ಲಿ ಮಾಡಿದರು.

ಈ ಕಥೆಯಲ್ಲಿ ಎರಡೂ ಕಡೆಗೆ ಪಾಠವಿದೆ. ಅಧಿಕಾರದಲ್ಲಿ ಇರುವವರಿಗೆ: ಮಾನಕ್ಕೆ ಕೈ ಹಾಕಿ ಪ್ರಾಣ ಉಳಿಸಲು ಆಗುವುದಿಲ್ಲ. ನಮಗೆ: ಕೋಪ ಎಷ್ಟೇ ನ್ಯಾಯವಾಗಿದ್ದರೂ ರೋಗ ಮುಚ್ಚಿಟ್ಟರೆ ಮೊದಲು ಸಾಯುವುದು ನಮ್ಮ ಮಕ್ಕಳೇ.

ನಾಲೆ ಬಂತು, ಚಳಿಜ್ವರ ಬಂತು

ಈಗ ನಮ್ಮ ಸ್ವಂತ ನೆಲಕ್ಕೆ ಬರೋಣ. ಕಾವೇರಿ ತೀರದ ಚಳಿಜ್ವರ ಹಳೆಯದು. 1799ರಲ್ಲಿ ಟಿಪ್ಪು ಸುಲ್ತಾನರ ಶಹಾದತ್ ಆದ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟ ಬ್ರಿಟಿಷ್ ಸೈನ್ಯ ಜ್ವರದಿಂದ ನರಳಿ ನರಳಿ, 1809ರಲ್ಲಿ ಬೆಂಗಳೂರಿಗೆ ಸ್ಥಳ ಬದಲಾಯಿಸಿತು. ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದಕ್ಕೆ ನಮ್ಮ ಕಡೆಯ ಸೊಳ್ಳೆಯೂ ಒಂದು ಕಾರಣ.

ಜ್ವರಕ್ಕೆ ಸೊಳ್ಳೆ ಕಾರಣ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ನಂಬಿದ್ದರು. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡರು. ಅದಕ್ಕೆ ಮುಂಚೆ ಅವರು ಬೆಂಗಳೂರಿನಲ್ಲಿ ಕಾಲರಾ ತಡೆಯುವ ಕೆಲಸದಲ್ಲಿದ್ದವರು. ಆ ಪ್ರಯೋಗಕ್ಕೆ ತನ್ನ ಮೈಯನ್ನೇ ಸೊಳ್ಳೆಗೆ ಒಡ್ಡಿದ ರೋಗಿಯ ಹೆಸರು ಹುಸೇನ್ ಖಾನ್. ಕಚ್ಚಿದ ಪ್ರತಿ ಸೊಳ್ಳೆಗೆ ಒಂದು ಆಣೆಯಂತೆ ಅವನಿಗೆ ಕೊಟ್ಟರು. ಮರುವರ್ಷ ಕಲ್ಕತ್ತಾದಲ್ಲಿ ರಾಸ್ ಅವರ ಜೊತೆ ಹಗಲಿರುಳು ದುಡಿದ ಸಹಾಯಕ ಮುಹಮ್ಮದ್ ಬಕ್ಷ್. ರಾಸ್ ಅವರಿಗೆ 1902ರಲ್ಲಿ ನೊಬೆಲ್ ಬಹುಮಾನ ಸಿಕ್ಕಿತು. ಹುಸೇನ್ ಖಾನ್ ಎಲ್ಲಿ ಮಣ್ಣಾದನೋ ಅಲ್ಲಾಹನೇ ಬಲ್ಲ. ಆದರೆ ಲೋಕ ಕಲಿತ ಈ ಪಾಠದಲ್ಲಿ ಅವನ ರಕ್ತವೂ ಇದೆ ಎಂಬುದನ್ನು ನಮ್ಮ ಮಕ್ಕಳು ತಿಳಿದಿರಲಿ.

1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಶುರುವಾಯಿತು. 1930ರ ದಶಕದ ಆರಂಭದಲ್ಲಿ ಹುಲಿಕೆರೆ ಸುರಂಗ ದಾಟಿ ನೀರು ಮಂಡ್ಯದ ಕಡೆಗೆ ಹರಿಯಿತು. ಆಗ ಅದರ ಹೆಸರು ಇರ್ವಿನ್ ನಾಲೆ. ಇಂದು ನಾವು ವಿ.ಸಿ. ನಾಲೆ ಎನ್ನುವ ವಿಶ್ವೇಶ್ವರಯ್ಯ ನಾಲೆ ಅದೇ. ಸುಮಾರು 1 ಲಕ್ಷ 20 ಸಾವಿರ ಎಕರೆಗೆ ನೀರುಣಿಸುವ ಯೋಜನೆ ಅದು. ರಾಗಿ, ಹುರುಳಿ ಬೆಳೆಯುತ್ತಿದ್ದ ಮಂಡ್ಯ, ಮದ್ದೂರು, ಮಳವಳ್ಳಿಯ ಒಣ ಹೊಲಗಳಲ್ಲಿ ಭತ್ತ, ಕಬ್ಬು ತಲೆಯೆತ್ತಿದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಈ ಎಲ್ಲದರ ಕಾಲದಲ್ಲಿ, 1926ರಿಂದ 1941ರವರೆಗೆ, ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಝಾ ಇಸ್ಮಾಯಿಲ್.

ಆದರೆ ನೀರಿನ ಹಿಂದೆಯೇ ಸೊಳ್ಳೆಯೂ ಬಂತು. ಗದ್ದೆಯಲ್ಲಿ ನಿಂತ ನೀರು, ನಾಲೆಯಿಂದ ಜಿನುಗಿ ಹಳ್ಳವಾದ ನೀರು, ಕಬ್ಬಿನ ಕಾಲುವೆಯ ನೀರು ಎಲ್ಲೆಲ್ಲೂ ಮಲೇರಿಯಾ ಸೊಳ್ಳೆ ಮೊಟ್ಟೆ ಇಟ್ಟಿತು. ಬರ ಹೋದ ಊರಿಗೆ ಚಳಿಜ್ವರ ಬಂತು. ಕಣಜ ತುಂಬಿತು, ಆದರೆ ಕೊಯ್ಲಿಗೆ ಹೋಗಬೇಕಾದವನು ಕಂಬಳಿ ಹೊದ್ದು ನಡುಗುತ್ತಾ ಮಲಗಿದ.

ಮೈಸೂರು ಸರ್ಕಾರ ಈ ಹೊತ್ತಿಗೆ ಒಂದು ಒಳ್ಳೆಯ ಕೆಲಸ ಶುರು ಮಾಡಿತ್ತು. 1920ರ ದಶಕದ ಕೊನೆಯಿಂದ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಾರ್ವಜನಿಕ ಆರೋಗ್ಯ ಇಲಾಖೆಯನ್ನು ಹೊಸದಾಗಿ ಕಟ್ಟಿತು. ಮಂಡ್ಯದಲ್ಲೇ ಗ್ರಾಮೀಣ ಆರೋಗ್ಯ ಘಟಕವೊಂದು ಬಂತು, ಮಲೇರಿಯಾದ ಅಧ್ಯಯನವೂ ನಡೆಯಿತು. ಪ್ಲೇಗ್ ಕಾಲದ ಅಧಿಕಾರಿಗಳಿಗೂ ಇವರಿಗೂ ಇದ್ದ ವ್ಯತ್ಯಾಸ ನೋಡಬೇಕು. ಆ ಕಾಲದ ಮಲೇರಿಯಾ ಕೆಲಸದ ಕ್ರಮ ಹೀಗಿತ್ತು: ಮಕ್ಕಳ ಹೊಟ್ಟೆ ಮುಟ್ಟಿ ನೋಡಿ ಗುಲ್ಮ ಊದಿದೆಯೇ ಎಂದು ಲೆಕ್ಕ ಹಾಕುವುದು, ಯಾವ ಊರಿನಲ್ಲಿ ಎಷ್ಟು ಮಕ್ಕಳಿಗೆ ಗುಲ್ಮ ದಪ್ಪವಾಗಿದೆಯೋ ಅಲ್ಲಿ ಅಷ್ಟು ಮಲೇರಿಯಾ ಎಂದು ತಿಳಿಯುವುದು, ನಿಂತ ನೀರಿಗೆ ಔಷಧಿ ಚಿಮುಕಿಸುವುದು, ಕ್ವಿನೈನ್ ಹಂಚುವುದು, ಊರವರಿಗೆ ಕೂರಿಸಿ ಹೇಳುವುದು. ಬಂದೂಕಿನ ಬದಲು ಲೆಕ್ಕದ ಪುಸ್ತಕ ಹಿಡಿದು ಬಂದವರನ್ನು ಜನ ಒಳಗೆ ಬಿಟ್ಟರು.

ಸ್ವಾತಂತ್ರ್ಯದ ನಂತರ ಡಿಡಿಟಿ ಪಂಪು ಹೆಗಲಿಗೇರಿಸಿದವರು ಮನೆಮನೆಗೆ ಬಂದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬಂದು ಎಂಟು ಲಕ್ಷ ಜನ ಸಾಯುತ್ತಿದ್ದಾರೆಂಬ ಅಂದಾಜಿತ್ತು. 1960ರ ದಶಕದ ಹೊತ್ತಿಗೆ ಅದು ಲಕ್ಷದ ಲೆಕ್ಕಕ್ಕೆ ಇಳಿಯಿತು. ರೋಗ ಹೋಯಿತೆಂದು ಸರ್ಕಾರವೂ ಜನರೂ ಮೈಮರೆತರು, ಸೊಳ್ಳೆಗೂ ಡಿಡಿಟಿ ಅಭ್ಯಾಸವಾಯಿತು. 1976ರಲ್ಲಿ ಮತ್ತೆ 64 ಲಕ್ಷ ಪ್ರಕರಣಗಳು. ಜಾಗೃತಿ ಎಂಬುದು ಒಂದು ದಿನದ ಜಾಥಾ ಅಲ್ಲ, ಐದು ಹೊತ್ತಿನ ನಮಾಝಿನ ಹಾಗೆ ಬಿಡದೆ ಮಾಡಬೇಕಾದದ್ದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಎರಡು ಹನಿಯ ಹಿಂದೆ ನಿಂತ ಉಲಮಾಗಳು

1995ರಲ್ಲಿ ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾಯಿತು. ಪಶ್ಚಿಮ ಉತ್ತರ ಪ್ರದೇಶದ ಮುಸ್ಲಿಂ ಮೊಹಲ್ಲಾಗಳಲ್ಲಿ ಒಂದು ವದಂತಿ ಹಬ್ಬಿತು: ಈ ಹನಿ ಕುಡಿದ ಮಕ್ಕಳಿಗೆ ಮುಂದೆ ಸಂತಾನವಾಗುವುದಿಲ್ಲ. ಬಾಗಿಲು ಮುಚ್ಚಿದವು. ಪೋಲಿಯೊ ಅಲ್ಲಿಯೇ ಬೇರೂರಿತು, ಅಂಗವಿಕಲರಾದವರಲ್ಲಿ ನಮ್ಮ ಸಮುದಾಯದ ಮಕ್ಕಳೇ ಹೆಚ್ಚು. ಅನುಮಾನ ಹುಟ್ಟಿಸಿದವರು ಯಾರೋ, ಊರುಗೋಲು ಹಿಡಿದವರು ನಮ್ಮ ಮಕ್ಕಳು.

2003ರ ನಂತರ ದಾರಿ ಬದಲಾಯಿತು. ಆರೋಗ್ಯ ಕಾರ್ಯಕರ್ತರು ಮೊದಲು ಉಲಮಾಗಳ ಬಳಿ, ಮದ್ರಸಾಗಳ ಬಳಿ ಬಂದು ಕೂತು ಮಾತನಾಡಿದರು. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಅ ಮಿಲ್ಲಿಯಾ, ಜಾಮಿಅ ಹಮ್ದರ್ದ್ ಸಂಸ್ಥೆಗಳು ಕೈಜೋಡಿಸಿದವು. ಮಸೀದಿಯ ಮೈಕಿನಿಂದ ಪೋಲಿಯೊ ದಿನದ ಘೋಷಣೆ ಕೇಳಿಸಿತು. ಮೊಹಲ್ಲಾದ ಹೆಣ್ಣುಮಕ್ಕಳೇ ಕಾರ್ಯಕರ್ತೆಯರಾಗಿ ಬಾಗಿಲು ತಟ್ಟಿದರು. ಕೆಲವು ಕಡೆ ಇಮಾಮರು ತಮ್ಮ ಮಗುವಿಗೇ ಎಲ್ಲರೆದುರು ಹನಿ ಹಾಕಿಸಿದರು. 200 ವರ್ಷದ ಹಿಂದೆ ಮೈಸೂರಿನ ರಾಣಿ ತೋಳು ತೋರಿಸಿದ್ದೂ ಇದೇ ಕೆಲಸ. 2009ರಲ್ಲಿ ದೇಶದಲ್ಲಿ 741 ಮಕ್ಕಳಿಗೆ ಪೋಲಿಯೊ ಬಂದಿತ್ತು. 2010ರಲ್ಲಿ 42. 2011ರ ಜನವರಿಯಲ್ಲಿ ಒಂದೇ ಒಂದು, ಅದೇ ಕೊನೆಯದು. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಬಂತು.

ನಮ್ಮಲ್ಲಿ ಹಜ್ಜಿಗೆ ಹೊರಟ ಹಿರಿಯರು ಸೌದಿ ಸರ್ಕಾರದ ನಿಯಮದಂತೆ ಮೆದುಳುಪೊರೆ ಜ್ವರದ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಾರೆ, ಪೋಲಿಯೊ ಹನಿ ಕುಡಿಯುತ್ತಾರೆ. ಯಾರೂ ಪ್ರಶ್ನಿಸುವುದಿಲ್ಲ, ಪ್ರಶ್ನಿಸಬೇಕಾಗಿಯೂ ಇಲ್ಲ. ಎಪ್ಪತ್ತು ವರ್ಷದ ಹಾಜಿ ಸಾಹೇಬರಿಗೆ ಒಳ್ಳೆಯದಾದ ಹನಿ ಅವರ ಮೊಮ್ಮಗುವಿಗೆ ಕೆಟ್ಟದ್ದು ಹೇಗಾದೀತು?

ವಾಟ್ಸಾಪ್ ಕಾಲದ ವದಂತಿ

2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ಕರ್ನಾಟಕದಿಂದಲೇ ಶುರುವಾಯಿತು. ಒಂಬತ್ತು ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ. ಆಗ ಹಳೆಯ ಸಂತಾನದ ವದಂತಿಯೇ ಹೊಸ ಬಟ್ಟೆ ತೊಟ್ಟು ಮೊಬೈಲಿನಲ್ಲಿ ಬಂತು. ದಡಾರ ಸಣ್ಣ ಕಾಯಿಲೆ ಎಂದು ತಿಳಿದವರಿಗೆ ಒಂದು ಲೆಕ್ಕ: ದಡಾರ ಬಂದ ಒಂದು ಮಗು, ಲಸಿಕೆ ಇಲ್ಲದ 12ರಿಂದ 18 ಜನರಿಗೆ ಅದನ್ನು ಹರಡಬಲ್ಲದು. ಅದನ್ನು ತಡೆಯಲು ನೂರರಲ್ಲಿ 95 ಮಕ್ಕಳಿಗಾದರೂ ಲಸಿಕೆ ಆಗಿರಬೇಕು. ಒಂದು ಬೀದಿಯಲ್ಲಿ ಹತ್ತು ಮನೆ ಬಾಗಿಲು ಮುಚ್ಚಿದರೆ ಇಡೀ ಬೀದಿಯ ಕೂಸುಗಳಿಗೆ ಅಪಾಯ. ಇದು ನಮ್ಮ ಮಗು, ನಮ್ಮಿಷ್ಟ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ನೆರೆಯವನ ಹಕ್ಕು ನಮ್ಮ ದೀನಿನಲ್ಲಿ ಎಷ್ಟು ದೊಡ್ಡದೆಂದು ನಾವು ಪ್ರತಿ ವರ್ಷ ಕೇಳುತ್ತೇವೆ. ನೆರೆಯವನ ಮಗುವಿನ ಉಸಿರೂ ಆ ಹಕ್ಕಿನೊಳಗೇ ಬರುತ್ತದೆ.

2020ರ ಏಪ್ರಿಲ್ ಅನ್ನು ಮಳವಳ್ಳಿಯವರು ಮರೆಯಲಾರರು. ಜಿಲ್ಲೆಯ ಮೊದಲ ಕೋವಿಡ್ ಪ್ರಕರಣಗಳು ಆ ಊರಿನಿಂದ ವರದಿಯಾದವು, ಬೀದಿಗಳು ಮುಚ್ಚಿದವು. ರೋಗಕ್ಕೆ ಇಡೀ ಸಮುದಾಯವನ್ನೇ ಹೊಣೆ ಮಾಡುವ ಮಾತು ದೇಶದ ಉದ್ದಗಲಕ್ಕೂ ಕೇಳಿಸಿತು. ಆ ನೋವು ಸುಳ್ಳಲ್ಲ. ಬೈಗುಳಕ್ಕೆ ಹೆದರಿದವನು ಪರೀಕ್ಷೆಗೆ ಬರುವುದಿಲ್ಲ, ಪ್ಲೇಗ್ ಕಾಲದಲ್ಲಿ ಆದದ್ದು ಅದೇ. ಆದರೂ ನಮ್ಮ ಜನ ಆ ರಮಝಾನಿನಲ್ಲಿ ಮಸೀದಿಯ ಬಾಗಿಲು ಮುಚ್ಚಿಕೊಂಡು ತರಾವೀಹ್ ಮನೆಯಲ್ಲೇ ಓದಿದರು, ಈದ್ ನಮಾಝನ್ನೂ ಮನೆಯಲ್ಲೇ ಮಾಡಿದರು. ಮರುವರ್ಷ ಎರಡನೇ ಅಲೆಯಲ್ಲಿ ಕರ್ನಾಟಕದ ಹಲವು ಊರುಗಳಲ್ಲಿ ನಮ್ಮ ಯುವಕರು ಯಾವ ಧರ್ಮದವರೆಂದು ಕೇಳದೆ ಶವಗಳಿಗೆ ಹೆಗಲು ಕೊಟ್ಟರು. ಆರೋಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇರಲಿಲ್ಲ.

ಈಗ ನಮ್ಮ ಮುಂದಿರುವ ಕೆಲಸ

ಈ ಚರಿತ್ರೆಯಿಂದ ಮಸೀದಿಯ ಕೆಲಸ ಯಾವುದು, ಯಾವುದಲ್ಲ ಎಂಬುದು ತಿಳಿಯುತ್ತದೆ. ಇಮಾಮರು ಔಷಧಿ ಹೇಳುವ ಹಕೀಮರಾಗಬೇಕಿಲ್ಲ. ರೋಗಕ್ಕೆ ಚಿಕಿತ್ಸೆ ಕೊಡುವುದು ವೈದ್ಯರ ಕೆಲಸ. ಆದರೆ ವೈದ್ಯರ ಮಾತು ಮನೆಯೊಳಗೆ ಹೋಗಲು ಬಾಗಿಲು ಬೇಕು. ಆ ಬಾಗಿಲು ನಂಬಿಕೆ. ಅದರ ಬೀಗದ ಕೈ ಬಹಳ ಮನೆಗಳಲ್ಲಿ ಮಸೀದಿಯ ಬಳಿಯೇ ಇದೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಸುಮ್ಮನಿದ್ದರೆ ಅದೂ ಒಂದು ತೀರ್ಮಾನವೇ, ಅದಕ್ಕೂ ಲೆಕ್ಕ ಕೊಡಬೇಕಾಗುತ್ತದೆ.

ಆದ್ದರಿಂದ ಮಂಡ್ಯ, ಮದ್ದೂರು, ಮಳವಳ್ಳಿಯ ಜಮಾಅತುಗಳಿಗೆ, ಮನೆಯ ಹಿರಿಯರಿಗೆ, ತಾಯಂದಿರಿಗೆ ನಾವು ಕೇಳಿಕೊಳ್ಳುವುದು ಇಷ್ಟು.

ಮೊದಲು ಮಸೀದಿಯ ಹೌಝನ್ನೇ ನೋಡೋಣ. ವುಝೂ ನೀರಿನಲ್ಲಿ ಸೊಳ್ಳೆಮರಿ ಆಡುತ್ತಿದ್ದರೆ ಮಿಂಬರಿನ ಮಾತಿಗೆ ಬೆಲೆ ಇಲ್ಲ. ಸೊಳ್ಳೆಮರಿ ತಿನ್ನುವ ಗಪ್ಪಿ ಮೀನುಗಳನ್ನು ಆರೋಗ್ಯ ಇಲಾಖೆಯಿಂದ ಕೇಳಿ ತಂದು ಬಿಡಬಹುದು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದೆ. ಡೆಂಗಿ ಸೊಳ್ಳೆ ಗದ್ದೆಯಲ್ಲಿ ಹುಟ್ಟುವುದಲ್ಲ, ನಮ್ಮ ಡ್ರಮ್ಮು, ತೊಟ್ಟಿ, ಹಳೆಯ ಟೈರು, ತೆಂಗಿನ ಚಿಪ್ಪಿನಲ್ಲಿ ಹುಟ್ಟುವುದು. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಎಂಟು ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ಪಾತ್ರೆ ಉಜ್ಜಿ ಒಣಗಿಸಿದರೆ ಅದರ ಬಾಳು ಮುಗಿಯಿತು. ಜುಮಾಗೆ ಬಟ್ಟೆ ಒಗೆದು ಸಿದ್ಧವಾಗುವ ಗುರುವಾರದ ಸಂಜೆಯನ್ನೇ ಡ್ರಮ್ಮು ಉಜ್ಜುವ ಹೊತ್ತಾಗಿ ಮಾಡಿಕೊಳ್ಳೋಣ.

ಎರಡನೆಯದು, ಆಶಾ ಕಾರ್ಯಕರ್ತೆಯರ ಮರ್ಯಾದೆ. ಬಿಸಿಲಲ್ಲಿ ನಡೆದು ಬಾಗಿಲಿಗೆ ಬಂದ ಹೆಣ್ಣುಮಗಳಿಗೆ ಒಂದು ಲೋಟ ನೀರು ಕೊಟ್ಟು ಕೂರಿಸಿ. ನಮ್ಮ ಓದಿದ ಹೆಣ್ಣುಮಕ್ಕಳು ಈ ಕೆಲಸಕ್ಕೆ ಮುಂದೆ ಬರಲಿ. ಪರದೆಯೊಳಗಿನ ತಾಯಿ ತನ್ನ ರಕ್ತಹೀನತೆಯ ಮಾತು, ಹೆರಿಗೆಯ ಮಾತು ಹೇಳಿಕೊಳ್ಳುವುದು ಅವರ ಬಳಿಯೇ.

ಮೂರನೆಯದು ಕ್ಷಯ. ಎರಡು ವಾರ ಮೀರಿದ ಕೆಮ್ಮನ್ನು ಮದುವೆ ಮಾತುಕತೆ ಕೆಡುತ್ತದೆ ಎಂದು ಮುಚ್ಚಿಡುವ ಮನೆಗಳಿವೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಆರು ತಿಂಗಳ ಮಾತ್ರೆ ಉಚಿತ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಸಹಾಯಧನವೂ ಇದೆ. ಎರಡು ತಿಂಗಳಿಗೆ ಮೈ ಹಗುರಾಯಿತೆಂದು ಮಾತ್ರೆ ಬಿಟ್ಟರೆ ರೋಗ ಗಟ್ಟಿಯಾಗಿ ಮರಳುತ್ತದೆ. 1976ರ ಮಲೇರಿಯಾದ ಹಾಗೆ.

ನಾಲ್ಕನೆಯದು, ನಮ್ಮ ಜಿಲ್ಲೆಗೆ ಸಕ್ಕರೆ ನಾಡು ಎಂದು ಹೆಸರು. ಸಕ್ಕರೆ ಕಾಯಿಲೆಗೂ ಅದೇ ಹೆಸರು ಬರದಿರಲಿ. ಮಧುಮೇಹ ಇರುವವರು ರಮಝಾನಿಗೆ ಮೊದಲೇ ವೈದ್ಯರನ್ನು ಕಂಡು, ಉಪವಾಸ ಹಿಡಿಯಬಹುದೇ, ಮಾತ್ರೆಯ ಹೊತ್ತು ಹೇಗೆ ಬದಲಿಸಬೇಕು ಎಂದು ಕೇಳಿ. ರೋಗಿಗೆ ದೀನು ಕೊಟ್ಟ ರಿಯಾಯಿತಿಯನ್ನು ತೆಗೆದುಕೊಳ್ಳುವುದು ನಾಚಿಕೆಯ ವಿಷಯವಲ್ಲ.

ಕೊನೆಯದು, ಮೊಬೈಲಿಗೆ ಬಂದ ಮಾತನ್ನು ಮುಂದೆ ಕಳಿಸುವ ಮುನ್ನ ಕೇಳಿ: ಇದನ್ನು ಬರೆದವರು ಯಾರು? ವಿಚಾರಿಸದ ಸುದ್ದಿ ಜನರಿಗೆ ಹಾನಿ ಮಾಡುತ್ತದೆ ಎಂಬ ಎಚ್ಚರಿಕೆ ನಮಗೆ ಕುರ್‌ಆನಿನಲ್ಲೇ ಸಿಕ್ಕಿದೆ.

ಇದೇ ಹೊತ್ತಿಗೆ ಅಧಿಕಾರಿ ಮಿತ್ರರಲ್ಲೂ ಒಂದು ವಿನಂತಿ ಇದೆ. ರೋಗ ಬಂದಾಗ ಮಾತ್ರ ನಮ್ಮ ಮೊಹಲ್ಲಾ ನೆನಪಾಗಬಾರದು. ಚರಂಡಿ ಕಟ್ಟಿಕೊಂಡಾಗ, ಕುಡಿಯುವ ನೀರು ಕೆಂಪಾದಾಗಲೂ ಬನ್ನಿ. ಒಂದು ಬೀದಿಗೆ ಹಣೆಪಟ್ಟಿ ಕಟ್ಟದೆ ಬನ್ನಿ. ಹಾಗೆ ಬಂದವರಿಗೆ ಮಸೀದಿಯ ಬಾಗಿಲು ತೆರೆದೇ ಇರುತ್ತದೆ. ಶಿಬಿರ ಮಾಡಿದಾಗ ಪಕ್ಕದ ಒಕ್ಕಲಿಗರ ಬೀದಿಯವರನ್ನೂ, ದಲಿತ ಕೇರಿಯವರನ್ನೂ, ಕಬ್ಬು ಕಡಿಯಲು ಬಂದ ಕೂಲಿಯವರನ್ನೂ ನಾವೂ ಕರೆಯೋಣ. ವಿ.ಸಿ. ನಾಲೆಯ ನೀರು ಎಲ್ಲರ ಗದ್ದೆಗೂ ಹರಿಯುತ್ತದೆ. ಅದರ ದಡದ ಸೊಳ್ಳೆಯೂ ಯಾರ ಮನೆಯೆಂದು ಕೇಳಿ ಕಚ್ಚುವುದಿಲ್ಲ.

ಅಲ್ಲಾಹನು ನಮ್ಮ ಮಕ್ಕಳಿಗೆ ಆಯುರಾರೋಗ್ಯ ಕೊಡಲಿ, ರೋಗಿಗಳಿಗೆ ಶಿಫಾ ಕೊಡಲಿ, ರೋಗಿಗಳ ಸೇವೆ ಮಾಡುವವರ ಕೈಗೆ ಬಲ ಕೊಡಲಿ. ಆಮೀನ್.